ಲೋ ಕಾರ್ಬ್ ದಿನ, ಕಬ್ಬಿನ ಲೋಡ್ ದಿನ

ಕಳೆದ ಮಾರ್ಚ್‌ನ ಒಂದು ಮಂಗಳವಾರ. ಮುಧೋಳದ ಹತ್ತಿರ ನಮ್ಮ ಹೊಲದಲ್ಲಿ ಕಬ್ಬು ಲೋಡ್ ಮಾಡುತ್ತಿದ್ದ ನಮ್ಮ ದೊಡ್ಡವ್ವನ ಮಗ ಟ್ರ್ಯಾಕ್ಟರ್ ಪಕ್ಕದಲ್ಲೇ ಕುಸಿದು ಕುಳಿತ. ಹೊತ್ತಿದ್ದ ಕಟ್ಟು ಒಂದು ಕಡೆ, ತಲೆಗೆ ಸುತ್ತಿದ್ದ ಟವೆಲ್ ಒಂದು ಕಡೆ. ಕಣ್ಣು ಮಂಜಾಗಿತ್ತು, ಕೈಕಾಲು ನಡುಗುತ್ತಿದ್ದವು. ದೊಡ್ಡವ್ವ ಓಡಿ ಬಂದವಳೇ, "ಹುಡುಗಗ ದೃಷ್ಟಿ ಆಗೇತಿ, ಮೈ ಭಾಳ ಚಲೋ ಕಾಣಾಕತ್ತಿತ್ತು" ಅಂದಳು. ಗ್ಯಾಂಗಿನ ಮುಕಾದಮ ಮಾತ್ರ ಬೇರೆ ಪ್ರಶ್ನೆ ಕೇಳಿದ: "ಮುಂಜಾನೆ ಏನ್ ತಿಂದಿದ್ಯೋ?"

ತಿಂದಿದ್ದು ಆರು ಮೊಟ್ಟೆಯ ಬಿಳಿ ಭಾಗ, ಒಂದು ಸೌತೆಕಾಯಿ. ಅವತ್ತು ಅವನಿಗೆ ಲೋ ಕಾರ್ಬ್ ದಿನ.

ಅವನಿಗೆ 23 ವರ್ಷ, ತೂಕ 72 ಕೆಜಿ. ಹಗಲು ಹೊಲ, ಸಂಜೆ ಜಿಮ್. ಹೊಟ್ಟೆ ಕರಗಬೇಕು, ತೋಳು ಬೆಳೆಯಬೇಕು, ಊರ ಜಾತ್ರೆಯೊಳಗೆ ದೇಹದಾರ್ಢ್ಯ ಸ್ಪರ್ಧೆಗೆ ವೇದಿಕೆ ಹತ್ತಬೇಕು ಅನ್ನುವ ಆಸೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಫೋನಿನಲ್ಲಿ ಯಾರೋ ಒಬ್ಬ ಕೋಚ್‌ಗೆ ದುಡ್ಡು ಕಳಿಸಿದ್ದ, ಅವನಿಂದ ವಾಟ್ಸಾಪ್‌ನಲ್ಲಿ ಒಂದು ಚಾರ್ಟ್ ಬಂದಿತ್ತು. ಸೋಮವಾರ ಹೈ, ಮಂಗಳವಾರ ಲೋ, ಬುಧವಾರ ಮಧ್ಯಮ, ಹೀಗೆ. ಹೈ ದಿನ 350 ಗ್ರಾಂ ಕಾರ್ಬೋಹೈಡ್ರೇಟ್, ಲೋ ದಿನ 80 ಗ್ರಾಂ. ಓಟ್ಸ್, ಬ್ರೌನ್ ರೈಸ್, ಬ್ರೊಕೋಲಿ ಅಂತ ಬರೆದಿತ್ತು. ಮುಧೋಳ ಸಂತೆಯಲ್ಲಿ ಬ್ರೊಕೋಲಿ ಹುಡುಕಿದ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಆ ಚಾರ್ಟನ್ನು ನಾನು ಪೂರ್ತಿ ಓದಿದೆ. ನಿಜ ಹೇಳಬೇಕೆಂದರೆ ಅದು ಸುಳ್ಳಿನ ಚಾರ್ಟ್ ಅಲ್ಲ. ಭಾರ ಎತ್ತುವ ದಿನ ಹೆಚ್ಚು ಕಾರ್ಬ್, ಎತ್ತದ ದಿನ ಕಡಿಮೆ, ಪ್ರೋಟೀನ್ ಎಲ್ಲಾ ದಿನ ಒಂದೇ ಸಮ. ಕಾರ್ಬ್ ಸೈಕ್ಲಿಂಗ್ ಅಂದರೆ ಇಷ್ಟೇ. ಅದರ ಹಿಂದೆ ಲೆಕ್ಕ ಇದೆ. ನಾವು ತಿಂದ ರೊಟ್ಟಿ, ಅನ್ನ, ಬೆಲ್ಲ ಸಕ್ಕರೆಯಾಗಿ ರಕ್ತಕ್ಕೆ ಹೋಗುತ್ತದೆ, ಉಳಿದದ್ದು ಗ್ಲೈಕೋಜನ್ ಆಗಿ ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಕೂರುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ. ಮನೆಯ ಕಣಜ ಇದ್ದ ಹಾಗೆ. ಭಾರ ಎತ್ತುವಾಗ ಸ್ನಾಯು ಮೊದಲು ಕೈ ಹಾಕುವುದು ಈ ಕಣಜಕ್ಕೆ. ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹುಲ್ಟ್‌ಮನ್ ಅನ್ನುವ ಸಂಶೋಧಕರು 1960ರ ದಶಕದಲ್ಲಿ ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ನೋಡಿ ಇದನ್ನು ತೋರಿಸಿದರು. ಕಣಜ ಖಾಲಿಯಾದವನು ಬೇಗ ಸೋಲುತ್ತಾನೆ, ತುಂಬಿಸಿಕೊಂಡವನು ಹೆಚ್ಚು ಹೊತ್ತು ನಿಲ್ಲುತ್ತಾನೆ. ಹಾಗಾಗಿ ದುಡಿಯುವ ದಿನ ಕಣಜ ತುಂಬಿಸು, ಕೂರುವ ದಿನ ಕಡಿಮೆ ತಿನ್ನು ಅನ್ನುವುದು ಸರಿಯಾದ ಮಾತೇ.

ತಪ್ಪಾಗಿದ್ದು ಎಲ್ಲಿ ಅಂದರೆ, ಚಾರ್ಟ್ ಬರೆದವನ ಲೆಕ್ಕದಲ್ಲಿ ಕೆಲಸ ಅಂದರೆ ಜಿಮ್ಮಿನ ಒಂದು ತಾಸು ಮಾತ್ರ. ಉಳಿದ 23 ತಾಸು ಮನುಷ್ಯ ಕುರ್ಚಿ ಮೇಲೆ ಕೂತಿರುತ್ತಾನೆ, ಇಲ್ಲವೇ ಮಲಗಿರುತ್ತಾನೆ. ಮಂಗಳವಾರ ಜಿಮ್ ಇಲ್ಲ, ಹಾಗಾದರೆ ಅದು ವಿಶ್ರಾಂತಿಯ ದಿನ. ನಮ್ಮ ಹುಡುಗನ ಮಂಗಳವಾರ ಬೆಳಿಗ್ಗೆ ಆರಕ್ಕೆ ಕಬ್ಬಿನ ಹೊಲದಲ್ಲಿ ಶುರುವಾಗಿತ್ತು.

ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕ ನೋಡಿ. 65 ಕೆಜಿ ತೂಕದ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲೊರಿ ಬೇಕು. ಮೈಮುರಿದು ದುಡಿಯುವವನಾದರೆ 3470. ನಡುವಿನ ಅಂತರ 1360. ಇದನ್ನು ರೊಟ್ಟಿಯಲ್ಲಿ ಹೇಳುತ್ತೇನೆ, ಆಗ ಅರ್ಥವಾಗುತ್ತದೆ. ನಮ್ಮ ಮನೆಯ ಒಂದು ಜೋಳದ ರೊಟ್ಟಿಗೆ ಹಿಟ್ಟು ತೂಗಿ ನೋಡಿದೆ, 60 ಗ್ರಾಂ ಬಂತು. ಅಂದರೆ ಸುಮಾರು 200 ಕ್ಯಾಲೊರಿ, 40 ಗ್ರಾಂ ಕಾರ್ಬ್, 6 ಗ್ರಾಂ ಪ್ರೋಟೀನ್. ಕೂತವನಿಗೂ ದುಡಿಯುವವನಿಗೂ ಇರುವ ವ್ಯತ್ಯಾಸ ಸುಮಾರು ಏಳು ರೊಟ್ಟಿ! ನಮ್ಮ ಹುಡುಗನ ಚಾರ್ಟಿನ ಪ್ರಕಾರ ಲೋ ದಿನಕ್ಕೆ ಇಡೀ ದಿನದ ಪಾಲು ಎರಡೇ ರೊಟ್ಟಿ. ಅದನ್ನೂ ಅವನು ರಾತ್ರಿಗೆ ಇಟ್ಟುಕೊಂಡಿದ್ದ.

ಇನ್ನೊಂದು ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಕಾರ್ಬ್ ಒಮ್ಮೆಲೇ ಇಳಿಸಿದಾಗ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಮೇಲೆ ಮಾರ್ಚ್ ಬಿಸಿಲಿನ ಬೆವರು. ಅದರ ಮೇಲೆ, ನರ ಎದ್ದು ಕಾಣಲಿ ಅಂತ ಅವನು ಊಟದಲ್ಲಿ ಉಪ್ಪನ್ನೂ ಬಿಟ್ಟಿದ್ದ. ದವಾಖಾನೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿದ ಮೇಲೆ ಎದ್ದು ಕೂತ. ಡಾಕ್ಟರು ಚಾರ್ಟ್ ನೋಡಿ, "ಇದು ಎಸಿ ರೂಮಿನಾಗ ಇರೋರಿಗಪ್ಪಾ" ಅಂದರು. ಅಷ್ಟೇ ಅಂದಿದ್ದು.

ಹಾಗಾದರೆ ಮೊದಲ ವಾರ ಎರಡು ಕೆಜಿ ಇಳಿದಿತ್ತಲ್ಲ, ಅದೇನು? ಅವನು ನನಗೆ ಹಾಕಿದ ಮೊದಲ ಪ್ರಶ್ನೆ ಇದು. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಕಣಜದಿಂದ 400 ಗ್ರಾಂ ಖಾಲಿಯಾದರೆ ಅದರ ಜೊತೆ 1200 ಗ್ರಾಂ ನೀರು ಹೋಯಿತು. ತಕ್ಕಡಿಯ ಮೇಲೆ ಒಂದೂವರೆ ಕೆಜಿ ಮಾಯ. ಕೊಬ್ಬು ಅಲ್ಲಿಯೇ ಇದೆ. ಹೈ ದಿನ ಹೊಟ್ಟೆ ತುಂಬಾ ತಿಂದರೆ ಅದೇ ನೀರು ವಾಪಸ್. ಎಷ್ಟೋ ಜನ ಇದನ್ನೇ ನೋಡಿ ಹಿಗ್ಗುತ್ತಾರೆ, ಮರುದಿನ ಇದನ್ನೇ ನೋಡಿ ಕುಗ್ಗುತ್ತಾರೆ.

ಕೊಬ್ಬು ಕರಗುವುದು ವಾರದ ಒಟ್ಟು ಲೆಕ್ಕದಲ್ಲಿ. ಏಳು ದಿನ ತಿಂದದ್ದಕ್ಕಿಂತ ಏಳು ದಿನ ಖರ್ಚಾದದ್ದು ಸ್ವಲ್ಪ ಹೆಚ್ಚಿರಬೇಕು. ಒಟ್ಟು ಅಷ್ಟೇ ಇಟ್ಟು ಕಾರ್ಬನ್ನು ಒಂದು ದಿನ ಏರಿಸಿ ಒಂದು ದಿನ ಇಳಿಸಿದ್ದಕ್ಕೇ ಹೆಚ್ಚು ಕೊಬ್ಬು ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ವರದಿ ಕೊಟ್ಟರು. ಅರ್ಧ ಜನ ಕಾರ್ಬ್ ಕಡಿಮೆ ಮಾಡಿದ್ದರು, ಅರ್ಧ ಜನ ಕೊಬ್ಬು ಕಡಿಮೆ ಮಾಡಿದ್ದರು. ತೂಕ ಇಳಿದಿದ್ದು ಹೆಚ್ಚುಕಡಿಮೆ ಒಂದೇ. ಹಾಗಂತ ಸೈಕ್ಲಿಂಗ್ ದಂಡ ಅಂತಲ್ಲ. ಕಷ್ಟದ ದಿನ ಶಕ್ತಿ ಉಳಿಯುತ್ತದೆ, ಸುಲಭದ ದಿನ ಉಳಿತಾಯ ಆಗುತ್ತದೆ, ಕೆಲವರಿಗೆ ಪಾಲಿಸುವುದೂ ಸುಲಭ. ಅದಕ್ಕಿಂತ ಹೆಚ್ಚಿನ ಮಾಯಾಜಾಲ ಅದರಲ್ಲಿಲ್ಲ.

ಹಿಂದೆ ನಮ್ಮ ಕಡೆ ಗರಡಿ ಮನೆಯ ಪೈಲ್ವಾನರು ತೂಕ ನೋಡಿ ಕುಸ್ತಿ ಆಡುತ್ತಿರಲಿಲ್ಲ. ಜಾತ್ರೆಯ ಕಣದಲ್ಲಿ ಹಿರಿಯರು ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಿದ್ದರು. ಹಾಲು, ತುಪ್ಪ, ಬಾದಾಮಿ, ರೊಟ್ಟಿ ಎಲ್ಲಾ ಬೇಕಿತ್ತು. ಈಗ ಮ್ಯಾಟ್ ಬಂದಿದೆ, ತೂಕದ ವಿಭಾಗ ಬಂದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದ ಫೈನಲ್ ತಲುಪಿಯೂ 100 ಗ್ರಾಂ ಹೆಚ್ಚಾಯಿತೆಂದು ಅನರ್ಹಳಾದದ್ದು ನಿಮಗೆ ನೆನಪಿರಬಹುದು. ಇಡೀ ರಾತ್ರಿ ಬೆವರು ಹರಿಸಿ, ಕೂದಲು ಕತ್ತರಿಸಿಯೂ ಆಗಲಿಲ್ಲ. ಅವಳ ಸುತ್ತ ಡಾಕ್ಟರು, ಕೋಚು, ಪೋಷಕಾಂಶ ತಜ್ಞರು ಇದ್ದರು. ನಮ್ಮ ಹುಡುಗರ ಸುತ್ತ ಯಾರಿದ್ದಾರೆ? ಒಂದು ಫೋನು.

ಈಗ ಇನ್ನೊಂದು ಬದಿಯನ್ನೂ ಹೇಳಬೇಕು, ಇಲ್ಲದಿದ್ದರೆ "ಹಳ್ಳಿ ಊಟವೇ ಶ್ರೇಷ್ಠ" ಅಂತ ಎದೆ ತಟ್ಟಿಕೊಂಡು ಹೋದ ಹಾಗಾಗುತ್ತದೆ. ನಮ್ಮ ತಟ್ಟೆಯಲ್ಲಿ ಕಾರ್ಬ್ ಜಾಸ್ತಿಯೇ ಇದೆ. ರೊಟ್ಟಿ ಮುಗಿದ ಮೇಲೆ ಅನ್ನ, ಅನ್ನದ ಮೇಲೆ ಮತ್ತೆ ಅನ್ನ. ದಿನಕ್ಕೆ ಆರು ಸಲ ಚಾ. ಒಂದು ಚಾಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ, ಆರಕ್ಕೆ 60. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಬಿಡುಗಡೆ ಮಾಡಿದ ಮಾರ್ಗಸೂಚಿ ದಿನಕ್ಕೆ 20ರಿಂದ 25 ಗ್ರಾಂ ಸಕ್ಕರೆ ಸಾಕು ಅನ್ನುತ್ತದೆ. ಏಕದಳ ಧಾನ್ಯದಿಂದ ಬರುವ ಕ್ಯಾಲೊರಿ ಶೇ. 45 ದಾಟಬಾರದು ಅಂತಲೂ ಹೇಳುತ್ತದೆ. ಕಬ್ಬು ಬೆಳೆದವರು ನಾವು, ಸಕ್ಕರೆ ಬಿಡಿ ಅನ್ನುವುದು ಕೇಳಲು ಕಹಿ. ಆದರೆ ಅಜ್ಜ ನೇಗಿಲು ಹೊಡೆದು ಬಂದು ತಿಂದಷ್ಟೇ ಮೊಮ್ಮಗ ಅಂಗಡಿ ಗಲ್ಲಾದ ಮೇಲೆ ಕೂತು ತಿಂದರೆ ಆಗುತ್ತದೆಯೇ? ನೀರಾವರಿ ಬಂತು, ಟ್ರ್ಯಾಕ್ಟರ್ ಬಂತು, ಬೈಕ್ ಬಂತು. ರೊಟ್ಟಿಯ ಸಂಖ್ಯೆ ಮಾತ್ರ ಹಾಗೇ ಉಳಿಯಿತು. ಬನಹಟ್ಟಿಯಲ್ಲಿ ಮಗ್ಗದ ಮುಂದೆ ದಿನವಿಡೀ ನಿಂತವನ ಲೆಕ್ಕ ಬೇರೆ, ಮುಧೋಳದಲ್ಲಿ ಮೊಬೈಲ್ ಅಂಗಡಿ ಇಟ್ಟವನ ಲೆಕ್ಕ ಬೇರೆ. ಲೋ ಕಾರ್ಬ್ ದಿನ ನಿಜವಾಗಿ ಬೇಕಿರುವುದು ನನ್ನಂಥವರಿಗೆ, ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನು ಬರೆಯುತ್ತಿರುವವರಿಗೆ. ಕಬ್ಬು ಹೊರುವವನಿಗಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಈ ಏರಿಳಿತಕ್ಕೆ ಕೈ ಹಾಕಬೇಡಿ. ಮಾತ್ರೆ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಪ್ರೋಟೀನ್ ಮಾತು ಬಂದಾಗ ನನಗೆ ಸಿಟ್ಟು ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಎರಡು ಎಮ್ಮೆ, ಒಂದು ಆಕಳು. ಬೆಳಿಗ್ಗೆ ಹಾಲು ಡೇರಿಗೆ ಹೋಗುತ್ತದೆ. ಆ ಹಾಲಿನ ದುಡ್ಡಿನಲ್ಲಿ ನಮ್ಮ ಹುಡುಗ ಡಬ್ಬಿ ಪುಡಿ ತರಿಸಿದ. ಆ ಪುಡಿ ಏನು? ಹಾಲು ಒಡೆದಾಗ ಉಳಿಯುತ್ತದಲ್ಲ ತಿಳಿನೀರು, ಅದರ ಪ್ರೋಟೀನನ್ನು ಸೋಸಿ ಒಣಗಿಸಿದ್ದು. ಒಂದು ಚಮಚೆಯಲ್ಲಿ 24 ಗ್ರಾಂ ಪ್ರೋಟೀನ್ ಇರುತ್ತದೆ. ಮುಕ್ಕಾಲು ಲೀಟರ್ ಆಕಳ ಹಾಲಿನಲ್ಲೂ ಅಷ್ಟೇ ಇದೆ. ಪುಡಿ ವಿಷ ಅಂತ ನಾನು ಹೇಳುವುದಿಲ್ಲ, ಹಾಲಿನಲ್ಲಿ ಕೊಬ್ಬೂ ಸಕ್ಕರೆಯೂ ಸೇರಿರುತ್ತದೆ ಅನ್ನುವುದೂ ನಿಜ. ಆದರೆ ಕೊಟ್ಟಿಗೆಯಿಂದ ಹೋದದ್ದು ಹತ್ತು ಪಟ್ಟು ದೂರ ಸುತ್ತಿ ಕೊರಿಯರ್‌ನಲ್ಲಿ ವಾಪಸ್ ಬರುವುದನ್ನು ನೋಡಿ ನಗಬೇಕೋ ಅಳಬೇಕೋ.

ಸ್ನಾಯು ಬೆಳೆಸುವವನಿಗೆ ಒಂದು ಕೆಜಿ ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 72 ಕೆಜಿಗೆ 115 ಗ್ರಾಂ. ಎಂಟು ಜೋಳದ ರೊಟ್ಟಿಯಿಂದ 48 ಬಂತು, ಇದನ್ನು ಯಾವ ಕೋಚೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಧ ಲೀಟರ್ ಹಾಲಿನಿಂದ 16, ಮೂರು ಮೊಟ್ಟೆಯಿಂದ 18, ಒಂದು ಹಿಡಿ ಶೇಂಗಾದಿಂದ 12, ನೂರು ಗ್ರಾಂ ಹೆಸರುಕಾಳಿನಿಂದ 22. ಕೂಡಿಸಿ ನೋಡಿ. ಮೊಟ್ಟೆ ತಿನ್ನದ ಮನೆಯಲ್ಲಿ ಮೊಸರು, ಮಡಿಕೆ ಕಾಳು, ಹುರುಳಿ ಇವೆ.

ಇನ್ನು ಆ ಆರು ಮೊಟ್ಟೆಯ ಹಳದಿ ಎಲ್ಲಿ ಹೋಗುತ್ತಿತ್ತು ಗೊತ್ತೇ? ನಾಯಿಗೆ. ಅವನ ತಂಗಿಗೆ ರಕ್ತ ಕಡಿಮೆ ಇದೆ ಅಂತ ಕಾಲೇಜಿನ ತಪಾಸಣೆಯಲ್ಲಿ ಹೇಳಿದ್ದರು. ಅವಳ ತಟ್ಟೆಗೆ ವಾರಕ್ಕೆ ಒಂದು ಮೊಟ್ಟೆ ಬಂದರೆ ಹೆಚ್ಚು. ದೊಡ್ಡವ್ವ ಹೊಲದಲ್ಲಿ ಕಸ ತೆಗೆದು, ಎಮ್ಮೆ ಹಿಂಡಿ, ಎಲ್ಲರಿಗೂ ರೊಟ್ಟಿ ಬಡಿದು, ಕೊನೆಗೆ ಉಳಿದ ಸಾರಿನಲ್ಲಿ ಅನ್ನ ಕಲಸಿ ತಿನ್ನುವವಳು. ಮೈಮುರಿದು ದುಡಿಯುವ ಹೆಂಗಸಿಗೂ ಐಸಿಎಂಆರ್ 2720 ಕ್ಯಾಲೊರಿ ಬರೆದಿದೆ. ಅವಳ ಹೈ ದಿನ ಯಾವುದು ಅಂತ ಯಾವ ಚಾರ್ಟಿನಲ್ಲೂ ಇಲ್ಲ. ಈ ಮಾತು ನಾನು ಆಡಿದಾಗ ನಮ್ಮ ಹುಡುಗ ಸುಮ್ಮನಾದ. ಮರುದಿನದಿಂದ ಮೊಟ್ಟೆ ಪೂರ್ತಿ ತಿನ್ನುತ್ತಿದ್ದಾನೆ, ಮೂರು ಅವನಿಗೆ, ಎರಡು ತಂಗಿಗೆ. ದೊಡ್ಡವ್ವ ಮೊಟ್ಟೆ ಮುಟ್ಟುವುದಿಲ್ಲ, ಅವಳಿಗೆ ಅಂತ ರಾತ್ರಿ ಒಂದು ಲೋಟ ಹಾಲು ಡೇರಿ ಕ್ಯಾನಿಗೆ ಹೋಗದೆ ಉಳಿಯುತ್ತಿದೆ. ಕುಡಿಯುತ್ತಾಳೋ ಮಗನಿಗೇ ಕೊಡುತ್ತಾಳೋ ನೋಡಬೇಕು.

ಜಿಮ್ ನಡೆಸುವ ಗೆಳೆಯರಿಗೆ ನನ್ನದೊಂದು ಕೋರಿಕೆ. ಹುಡುಗ ಬಂದಾಗ ತೂಕ, ಎತ್ತರ, ಸೊಂಟದ ಅಳತೆ ಎಲ್ಲಾ ಬರೆದುಕೊಳ್ಳುತ್ತೀರಿ. ಜೊತೆಗೆ "ಹಗಲು ಏನ್ ಕೆಲಸ ಮಾಡ್ತಿ?" ಅಂತ ಒಂದು ಸಾಲು ಸೇರಿಸಿ. ಫ್ಯಾಕ್ಟರಿ ಕಬ್ಬು ನುರಿಸುವ ನಾಲ್ಕೈದು ತಿಂಗಳು ಇಲ್ಲಿನ ಹುಡುಗರ ಮೈ ಒಂದು ಲೆಕ್ಕ, ಮಳೆಗಾಲದಲ್ಲಿ ಇನ್ನೊಂದು ಲೆಕ್ಕ. ಕೊಬ್ಬು ಇಳಿಸುವುದಿದ್ದರೆ ಕೆಲಸ ಹಗುರ ಇರುವ ತಿಂಗಳಲ್ಲಿ ಇಳಿಸಲಿ, ವಾರಕ್ಕೆ ಅರ್ಧ ಕೆಜಿಯಂತೆ, ನಿಧಾನಕ್ಕೆ. ಉಪ್ಪು ನೀರು ಬಿಡಿಸಬೇಡಿ. ಸೂಜಿ ಮಾತ್ರೆಯ ಮಾತು ಬಂದರೆ ಬಾಗಿಲು ತೋರಿಸಿ, ಅದರ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು.

ನಮ್ಮ ಹುಡುಗ ಚಾರ್ಟನ್ನು ಹರಿದು ಹಾಕಲಿಲ್ಲ. ದುಡ್ಡು ಕೊಟ್ಟಿದ್ದಾನಲ್ಲ! ಹೆಸರು ಬದಲಿಸಿದ್ದಾನೆ, ಅಷ್ಟೇ. ಹೈ ಅಂದರೆ ಲೋಡ್ ದಿನ, ಮಧ್ಯಮ ಅಂದರೆ ನೀರು ಹಾಯಿಸುವ ದಿನ, ಲೋ ಅಂದರೆ ಸಂತೆ ದಿನ. ಲೋಡ್ ದಿನ ಜಿಮ್ ರಜೆ. ಈ ವಾರ ಗ್ಯಾಂಗ್ ನಮ್ಮ ಹೊಲಕ್ಕೆ ಬಂದಿದೆ. ಮುಂಜಾನೆ ಅವನ ಬುತ್ತಿ ನಾನೇ ಬಿಚ್ಚಿ ನೋಡಿದೆ: ಎಂಟು ರೊಟ್ಟಿ, ಶೇಂಗಾ ಚಟ್ನಿ, ಮಡಿಕೆ ಕಾಳಿನ ಪಲ್ಯ, ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗೆ. ಒಂದು ರೊಟ್ಟಿ ತೆಗೆದುಕೊಳ್ಳಲು ಹೋದೆ. "ಅಣ್ಣಾ, ನಿಂದು ಇವತ್ತ ಲೋ ದಿನ" ಅಂದ.