ಸೈಟು ಕೊಳ್ಳುವ ಮುನ್ನ

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ಒಂದು ಸೈಟು ಕೊಳ್ಳಬೇಕೆಂದಿದ್ದೇನೆ, ತಮ್ಮ ಸಲಹೆ ಬೇಕು" ಎಂದು ಬರೆದಿದ್ದ. ನನ್ನ ಶ್ರೀಮತಿ ಅದನ್ನು ಕೇಳಿ, "ಬಂಗಾರಪೇಟೆಯಲ್ಲೇ ಒಂದು ಮೂವತ್ತು ನಲವತ್ತರದು ನೋಡಲು ಹೇಳಿ" ಎಂದಳು. ಆತ ಕೇಳಿದ್ದು ಬಂದೂಕಿನ ಸೈಟು! ಕಪ್ಪು ಮದ್ದಿನ ಹಳೆಯ ಮಾದರಿಯ ರೈಫಲ್ ಹಿಡಿದು ಸ್ಪರ್ಧಿಸುವವರು ಅದರ ಹಿಂಬದಿಯಲ್ಲಿ, ಕಣ್ಣಿಗೆ ಸಮೀಪವಾಗಿ ಜೋಡಿಸಿಕೊಳ್ಳುವ ಟ್ಯಾಂಗ್ ಸೈಟ್ ಅದು. ನೆಟ್ಟಗೆ ನಿಲ್ಲುವ ಒಂದು ಲೋಹದ ಪಟ್ಟಿ, ಅದರಲ್ಲಿ ತಿರುಪಿನಿಂದ ಮೇಲೆ ಕೆಳಗೆ ಸರಿಯುವ ಸಣ್ಣ ರಂಧ್ರ, ಪಕ್ಕದಲ್ಲಿ ವರ್ನಿಯರ್ ಮಾಪಕ.

ಗುಂಡಿನ ಸ್ಪರ್ಧೆಯೆಂದರೆ ಕೊಡಗಿನ ಕೈಲು ಮುಹೂರ್ತದ ತೆಂಗಿನಕಾಯಿಯನ್ನಷ್ಟೇ ಬಲ್ಲ ನನ್ನನ್ನು ಆತ ಕೇಳಿದ್ದು ಈ ವರ್ನಿಯರ್‌ನ ದೆಸೆಯಿಂದ. ಕೆ.ಜಿ.ಎಫ್.ನ ಶಾಲೆಯಲ್ಲಿ ಅದನ್ನು ಓದುವುದನ್ನು ಅವನಿಗೆ ಕಲಿಸಿದವನು ನಾನು.

ಅವನ ಮನಸ್ಸು ಅತ್ಯಂತ ಉದ್ದನೆಯ, ಅತ್ಯಂತ ಸೂಕ್ಷ್ಮ ಗೆರೆಗಳ, ಅತ್ಯಂತ ದುಬಾರಿ ಸೈಟಿನ ಮೇಲಿತ್ತು. ಅದು ಬೇಡವೆಂಬುದು ನನ್ನ ಅಭಿಪ್ರಾಯ. ಅವನು ಹೊಡೆಯುವುದು 200, 300, 385 ಮತ್ತು 500 ಮೀಟರ್ ದೂರದಲ್ಲಿಟ್ಟ ಉಕ್ಕಿನ ಕೋಳಿ, ಹಂದಿ, ಟರ್ಕಿ, ಟಗರುಗಳಿಗೆ. ಉದ್ದನೆಯ ಪಟ್ಟಿ ಸಾವಿರ ಗಜದ ಸ್ಪರ್ಧೆಯವರಿಗೆ. ಪಟ್ಟಿ ಉದ್ದವಾದಷ್ಟೂ ಬುಡದ ಸಡಿಲವು ತುದಿಯಲ್ಲಿ ದೊಡ್ಡದಾಗುತ್ತದೆ.

ಲೆಕ್ಕವನ್ನೇ ನೋಡೋಣ. ಹಿಂದಿನ ರಂಧ್ರಕ್ಕೂ ನಳಿಕೆಯ ತುದಿಯ ಸೈಟಿಗೂ ಸುಮಾರು 87 ಸೆಂಟಿಮೀಟರ್ ಅಂತರವಿದ್ದರೆ, ರಂಧ್ರವನ್ನು ಕಾಲು ಮಿಲಿಮೀಟರ್ ಏರಿಸಿದಾಗ ಗುರಿ ಒಂದು ಕೋನ ನಿಮಿಷದಷ್ಟು ಬದಲಾಗುತ್ತದೆ. 200 ಮೀಟರಿನಲ್ಲಿ ಅದು ಸುಮಾರು 6 ಸೆಂಟಿಮೀಟರ್, 500 ಮೀಟರಿನಲ್ಲಿ ಹದಿನಾಲ್ಕೂವರೆ. ನಮ್ಮ ಶಾಲೆಯ ವರ್ನಿಯರ್ ಕ್ಯಾಲಿಪರ್ಸ್‌ನ ಕನಿಷ್ಠ ಅಳತೆ 0.1 ಮಿಲಿಮೀಟರ್, ಅಷ್ಟು ಸೂಕ್ಷ್ಮತೆ ಇಲ್ಲಿ ಧಾರಾಳ. ಆದರೆ ತಿರುಪಿನಲ್ಲಿ ಕಾಲು ಮಿಲಿಮೀಟರ್ ಸಡಿಲವಿದ್ದರೆ, ಗೆರೆ ಎಷ್ಟೇ ನಯವಾಗಿರಲಿ, ಗುಂಡು ಟಗರಿನ ಬೆನ್ನಿನ ಮೇಲೆ ಹಾದುಹೋದೀತು. ಮುಂದಿನ ಸೈಟಿನಲ್ಲಿ ಪುಟ್ಟದೊಂದು ರಸಮಟ್ಟ ಇರಲೇಬೇಕೆಂದೂ ಬರೆದೆ. ಬಂದೂಕು ಓರೆಯಾದರೆ, ಏರಿಸಿದ ರಂಧ್ರವೂ ಓರೆಯಾಗಿ, ಗುಂಡು ಪಕ್ಕಕ್ಕೆ ಸರಿಯುತ್ತದೆ. ಕೆತ್ತನೆ, ಚಿನ್ನದ ಲೇಪ ಇವಕ್ಕೆಲ್ಲ ಹಣ ಸುರಿಯುವುದು ವ್ಯರ್ಥ. (ಚಿನ್ನದೂರಿನ ಹುಡುಗನಿಗೆ ಇದನ್ನು ಹೇಳಬೇಕಾಗಿ ಬಂದುದೇ ಸೋಜಿಗ.)

1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್‌ನಲ್ಲಿ ಅಮೆರಿಕ ಮತ್ತು ಐರ್ಲೆಂಡ್ ತಂಡಗಳು 800, 900, 1000 ಗಜಗಳ ಸ್ಪರ್ಧೆಯಲ್ಲಿ ಎದುರಾದವು. ಅಮೆರಿಕ 934, ಐರ್ಲೆಂಡ್ 931. ಐರಿಷ್ ಸ್ಪರ್ಧಿಯೊಬ್ಬ ಕೇಂದ್ರಕ್ಕೇ ಹೊಡೆದಿದ್ದ, ಆದರೆ ಪಕ್ಕದ ಹಲಗೆಗೆ! ಆ ನಾಲ್ಕು ಅಂಕ ದೊರೆತಿದ್ದರೆ ಗೆಲುವು ಅವರದಾಗುತ್ತಿತ್ತು. ಅವನ ಸೈಟಿನಲ್ಲಿ ಯಾವ ದೋಷವೂ ಇದ್ದಿರಲಾರದು.

ಅಂಕಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಪ್ರಯೋಗಶಾಲೆಯ ಒಂದು ಕ್ಯಾಲಿಪರ್ಸ್‌ನ ದವಡೆ ಸವೆದಿತ್ತು. ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡುತ್ತಿರಲಿಲ್ಲ. ಉಳಿದ ಹುಡುಗರು ಹಿಂದಿನ ವರ್ಷದವರ ಪುಸ್ತಕದಿಂದ ಗುಂಡಿನ ವ್ಯಾಸವನ್ನು ನಕಲು ಮಾಡಿದರು. ಇವನೊಬ್ಬ ಶೂನ್ಯ ದೋಷವನ್ನು ಗುರುತಿಸಿ, ಕಳೆದು, ಬೇರೆಯದೇ ಉತ್ತರ ಬರೆದ. ಎಲ್ಲರ ಉತ್ತರಕ್ಕೂ ಹೊಂದಲಿಲ್ಲವೆಂದು ನಾನು ಎರಡು ಅಂಕ ಕಳೆದೆ. ಸಾಯಂಕಾಲ ಕೊಠಡಿಯನ್ನು ಮುಚ್ಚುವಾಗ ಆ ಕ್ಯಾಲಿಪರ್ಸ್ ನನ್ನ ಕೈಗೆ ಬಂತು. ಆಗಲೇ ತಿಳಿಯಿತು. ಮರುದಿನ ತಿದ್ದಬಹುದಿತ್ತು, ತಿದ್ದಲಿಲ್ಲ. ಮೇಷ್ಟ್ರ ಹಮ್ಮು. ಈ ಸಲದ ಪತ್ರದಲ್ಲಿ ಅದನ್ನು ಒಪ್ಪಿಕೊಂಡೆ. ಅವನು ಆ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಪರೀಕ್ಷೆಯ ಕ್ರಮವನ್ನಷ್ಟೇ ಪಾಲಿಸಿದ. ಮಧ್ಯಮ ಉದ್ದದ ಸೈಟನ್ನು ತರಿಸಿಕೊಂಡು, ತಿರುಪನ್ನು ಹತ್ತು ಬಾರಿ ಮೇಲಕ್ಕೆ ಒಯ್ದು, ಹತ್ತು ಬಾರಿಯೂ ಅದೇ ಗೆರೆಗೆ ಮರಳಿಸಿ, ರಂಧ್ರದ ಎತ್ತರವನ್ನು ಬೇರೊಂದು ಕ್ಯಾಲಿಪರ್ಸ್‌ನಿಂದ ಅಳೆಯಬೇಕೆಂದಿದ್ದೆ. ಮೊನ್ನೆ ಪಟ್ಟಿ ಬಂತು. ನಾಲ್ಕನೆಯ ಮತ್ತು ಏಳನೆಯ ಅಳತೆಗಳು ಉಳಿದವುಗಳಿಗಿಂತ 0.3 ಮಿಲಿಮೀಟರ್ ಬೇರೆ ಇವೆ; ಅಳಿಸದೆ ಹಾಗೆಯೇ ಬರೆದಿದ್ದಾನೆ. ಆ ಸೈಟನ್ನು ಹಿಂದಿರುಗಿಸು ಎಂದು ಉತ್ತರ ಕಳುಹಿಸಿದ್ದೇನೆ.