ಪೇಢೆ ನಮ್ದು, ಪೇಢೆ ತಂದವ್ರು ಯಾರು?

ಹೋದ ಸಲ ಊರಿಗೆ ಹೋದಾಗಿನ ಮಾತು. ಬೆಂಗಳೂರಿಗೆ ವಾಪಸ್ ಹೊರಡೋ ಸಂಜೆ ಸತ್ತೂರಿನಲ್ಲಿ ಗೆಳೆಯನ ಜೊತೆ ಪಾನಿಪುರಿ ಗಾಡಿ ಮುಂದೆ ನಿಂತಿದ್ದೆ. ಕೈಯಲ್ಲಿ ಆಫೀಸಿನವರಿಗೆಂದು ಕೊಂಡ ಧಾರವಾಡ ಪೇಢೆ. ಗಾಡಿಯ ಹುಡುಗ ಉತ್ತರ ಪ್ರದೇಶದವನು. ನಾನು "ಭೈಯಾ, ಏಕ್ ಪ್ಲೇಟ್" ಅಂದೆ. ಅವನು "ಖಾರ ಜಾಸ್ತಿ ಹಾಕ್ಲೇನ್ರಿ?" ಅಂದ!

ನನಗೆ ನಾಚಿಕೆ ಆಯ್ತು. ಗೆಳೆಯನಿಗೆ ಮಾತ್ರ ಸಿಟ್ಟು. "ಇವ್ರೆಲ್ಲಾ ಬಂದು ನಮ್ಮೂರು ಕೆಟ್ಟೋತಲೇ" ಅಂದ, ಹುಡುಗನಿಗೆ ಕೇಳೋ ಹಾಗೇ. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೇ ಈಗಲೂ ಚುಚ್ಚುತ್ತಿದೆ...

ರಾತ್ರಿ ಬಸ್ಸಿನಲ್ಲಿ ಡಬ್ಬಿ ತೊಡೆ ಮೇಲಿತ್ತು. ಜಿಐ ಟ್ಯಾಗ್ ಪಡೆದ ಈ ಪೇಢೆ ತಂದವರು ಯಾರು? 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ. ನಮ್ಮ ಎಮ್ಮೆ ಹಾಲು, ಅವರ ಕೈ!

ಸಂಗೀತಾನೂ ಅಷ್ಟೇ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್, ಉತ್ತರ ಪ್ರದೇಶದ ಕೈರಾನಾದವರು. ಕಿರಾನಾ ಘರಾಣೆಯ ಹೆಸರೇ ಆ ಊರಿನದು. ಮಲ್ಲಿಕಾರ್ಜುನ ಮನ್ಸೂರರಿಗೆ ಕಲಿಸಿದ ಮಂಜಿ ಖಾನ್, ಬುರ್ಜಿ ಖಾನ್ ಅವರದು ಜೈಪುರ-ಅತ್ರೌಲಿ ಘರಾಣೆ. ಅತ್ರೌಲಿಯೂ ಅಲ್ಲಿಯದೇ!

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಲಾಫಯೆಟ್ ಅಂತ ಊರಿದೆ, ಕೇಜನ್ ಜನರ ಹೆಮ್ಮೆಯ ಊರು. 1755ರಿಂದ ಬ್ರಿಟಿಷರು ಕೆನಡಾ ಕಡೆಯಿಂದ ಓಡಿಸಿದ ಫ್ರೆಂಚ್ ಮಾತಿನವರ ವಂಶ ಅದು. ಅವರ ಹೆಮ್ಮೆಯ ಅಡುಗೆ ಗಂಬೋ. ಆ ಹೆಸರು ಮಾತ್ರ ಆಫ್ರಿಕಾದ ಜನರು ಬೆಂಡೆಕಾಯಿಗೆ ಅನ್ನುತ್ತಿದ್ದ ಪದದಿಂದ ಬಂದದ್ದು.

ಹಾಗಂತ ಬಂದವರು ಕನ್ನಡ ಕಲಿಯೋದು ಬೇಡ ಅಂತಲ್ಲ. ಕಲೀಲೇಬೇಕು. ಆದರೆ ಕಲಿಸೋರು ಯಾರು? ನಾವೇ ಹರಕು ಹಿಂದಿಯಲ್ಲಿ ಮಾತು ಶುರು ಮಾಡ್ತೀವಿ, ಆಮೇಲೆ ಅವರು ಕಲೀಲಿಲ್ಲ ಅಂತ ಬೈತೀವಿ. ಬೆಂಗಳೂರಿನಲ್ಲಿ ನನ್ನ "ಹೌದ್ರೀ" ಕೇಳಿ ನಕ್ಕವರಿದ್ದಾರೆ. ಆ ನಗು ಹೇಗಿರುತ್ತೆ ಅಂತ ಗೊತ್ತಿದ್ದೂ ಸತ್ತೂರಿನಲ್ಲಿ ನಾನು ಬಾಯಿ ಬಿಡಲಿಲ್ಲವಲ್ಲ...

ಊರಿನ ಹೆಮ್ಮೆ ಬೇಕು. ಆದರೆ ಅದು ಬಾಗಿಲಿಗೆ ಹಾಕೋ ಬೀಗ ಆಗಬಾರದು. ಮುಂದಿನ ಸಲ ಆ ಹುಡುಗನಿಗೆ ಒಂದು ಪೇಢೆ ಕೊಟ್ಟು, ಕನ್ನಡದಲ್ಲೇ ಮಾತಾಡಿಸಬೇಕು ಅಂದುಕೊಂಡಿದ್ದೇನೆ.

ನೀವೇನಂತೀರಿ?