ಜೋಕುಮಾರನ ಬುಟ್ಟಿಯೂ ರಂಗಭೂಮಿಯೂ

ಪ್ರಯೋಗಶೀಲ ನಾಟಕಕಾರರು ಮಾಟ, ಪವಾಡ, ಪುರಾಣಗಳನ್ನು ರಂಗಕ್ಕೆ ತಂದಾಗ ವಿಚಾರವಂತರು ಕೆಲವರು ಮೂಗು ಮುರಿಯುವುದುಂಟು. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಗೆಳೆಯರಿಬ್ಬರ ತಲೆಗಳು ಅದಲುಬದಲಾಗುತ್ತವೆ, ‘ನಾಗಮಂಡಲ’ದಲ್ಲಿ ನಾಗರಹಾವು ಗಂಡನ ರೂಪ ತಳೆಯುತ್ತದೆ. ವಿಜ್ಞಾನದ ಕಾಲದಲ್ಲಿ ಇದು ಮೌಢ್ಯಕ್ಕೆ ಮತ್ತೆ ಬಾಗಿಲು ತೆರೆದಂತಲ್ಲವೆ ಎಂಬುದು ಅವರ ಶಂಕೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಇನ್ನೂ ಹೆಚ್ಚು.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಾಡು ಬಲ್ಲವರಿಗೆಲ್ಲ ಜೋಕುಮಾರನು ಪರಿಚಿತನೇ. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಅಲ್ಪಾಯುಷಿ ದೈವವಿದು. ಅಂಬಿಗರ, ತಳವಾರರ ಮನೆಯ ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಸುತ್ತಲೂ ಬೇವಿನ ಸೊಪ್ಪು ತುಂಬಿ, ಮನೆಮನೆಯ ಮುಂದೆ ಹಾಡುತ್ತಾರೆ. ಗೃಹಿಣಿಯರು ಜೋಳ ನೀಡಿ ಅವನ ಬಾಯಿಗೆ ಬೆಣ್ಣೆ ಒರಸುತ್ತಾರೆ. ಗಣಪತಿಯು ಕಡುಬು ತಿಂದು ಹೋಗಿ ಭೂಲೋಕದಲ್ಲಿ ಎಲ್ಲವೂ ಸುಭಿಕ್ಷವೆಂದು ಶಿವನಿಗೆ ಹೇಳುತ್ತಾನಂತೆ. ಜೋಕುಮಾರನು ಮಾತ್ರ ಒಣಗಿದ ಹೊಲವನ್ನೂ ಬಡವರ ಬರಿಯ ಗಡಿಗೆಯನ್ನೂ ಕಂಡು, ಇದ್ದುದನ್ನು ಇದ್ದಂತೆ ಅರುಹಿ ಮಳೆ ತರಿಸುತ್ತಾನಂತೆ. ಬರಗಾಲದ ನಾಡು ಕಟ್ಟಿಕೊಂಡ ಪುರಾಣವಿದು. ಮೂರ್ತಿ ಮಣ್ಣಿನದೆಂಬುದನ್ನು ಹಾಡುವವಳೂ ಬಲ್ಲಳು, ಬೆಣ್ಣೆ ಒರಸುವವಳೂ ಬಲ್ಲಳು. ಆದರೂ ಇಬ್ಬರೂ ಕೂಡಿ ಒಪ್ಪಿಕೊಂಡುದರಿಂದ ಅವನು ದೈವ.

ನಾಟಕದ ಗುಟ್ಟೂ ಈ ಒಪ್ಪಿಗೆಯಲ್ಲಿಯೇ ಇದೆ. ಯಕ್ಷಿಣಿಗಾರನು ಕಣ್ಣಿಗೆ ಮೋಸ ಮಾಡುತ್ತಾನೆ, ನಟನು ಹಾಗಲ್ಲ. ನೋಡುಗರೆದುರಿಗೇ ಮುಖವಾಡ ಬದಲಿಸಿ, ‘ತಲೆ ಬದಲಾಯಿತು’ ಎನ್ನುತ್ತಾನೆ, ನಾವು ಹೌದೆನ್ನುತ್ತೇವೆ. ಹೌದೆಂದ ಮೇಲೆಯೇ ನಿಜವಾದ ಪ್ರಶ್ನೆ ಹುಟ್ಟುವುದು: ಮನುಷ್ಯನೆಂದರೆ ತಲೆಯೊ, ದೇಹವೊ?

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಇದಕ್ಕೆ ಉಜ್ವಲ ನಿದರ್ಶನ. 1972ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಈ ನಾಟಕವು ಬೆಂಗಳೂರಿನ ರಂಗವನ್ನೇರಿತು. ಮಕ್ಕಳಿಲ್ಲದ ಗೌಡತಿಯು ಜೋಕುಮಾರನನ್ನು ಪೂಜಿಸಿ, ಪಡವಲಕಾಯಿಯ ಪಲ್ಯವನ್ನು ಗಂಡನಿಗೆ ಉಣಿಸಲು ಹೊರಡುತ್ತಾಳೆ. ಅದನ್ನು ಉಂಡವನಾದರೊ ಹೊಲ ಉಳುವ ಬಸಣ್ಣ. ಆಚರಣೆಯಲ್ಲಿ ಫಲ ಕೊಡುವವನು ಯಾರೆಂದು ಯಾರೂ ಕೇಳುವುದಿಲ್ಲ. ನಾಟಕವು ಕೇಳುತ್ತದೆ: ಭೂಮಿ ಕಾಗದದ ಒಡೆಯನದೊ, ಬೆವರು ಸುರಿಸಿದವನದೊ? ಜೋಕುಮಾರನಂತೆ ಬಸಣ್ಣನೂ ಕೊಲೆಯಾಗುತ್ತಾನೆ. ಗೇಣಿದಾರರಿಗೆ ಒಡೆತನ ನೀಡಿದ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದುದು 1974ರಲ್ಲಿ. ಶಾಸನಕ್ಕೆ ಮೊದಲೇ ರಂಗಭೂಮಿ ಆ ಮಾತನ್ನಾಡಿತ್ತು. ಮಾಟವನ್ನು ಒಪ್ಪಿಕೊಂಡು ಅದರೊಳಗಿನಿಂದಲೇ ವಿಚಾರವನ್ನು ಎಬ್ಬಿಸುವ ಇಂಥ ಕೃತಿಯನ್ನು ಮೌಢ್ಯವೆಂದು ಕರೆಯುವುದೆಂತು?

ಆದರೆ ಕಠಿಣವಾದ ಪ್ರಶ್ನೆ ಬೇರೊಂದಿದೆ. ಬುಟ್ಟಿ ಹೊರುವ ಕೆಲಸವು ಜಾತಿಯಿಂದ ಬಂದುದು. ಆ ಮನೆಗಳ ಹುಡುಗಿಯರು ಶಾಲೆಗೆ ನಡೆದು, ತಾವಿನ್ನು ಬುಟ್ಟಿ ಹೊರಲಾರೆವೆಂದರೆ ಅದನ್ನು ಸಂಸ್ಕೃತಿಯ ನಾಶವೆಂದು ಮರುಗುವ ಅಧಿಕಾರ ನಮಗಿಲ್ಲ. ಹೊರೆ ಇಳಿಯಲಿ, ಹಾಡು ಉಳಿಯಲಿ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಜನಪದ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಹಳ್ಳಿಯ ಹೆಂಗಸಿನ ನಾಲಗೆಯ ಮೇಲಿದ್ದುದು ಸಾಹಿತ್ಯವೆಂಬ ಅರಿವು ನಾಡಿಗಾಯಿತು. ಅವರು ಪುಸ್ತಕದಲ್ಲಿ ಮಾಡಿದುದನ್ನು ನಮ್ಮ ಕಾಲೇಜುಗಳ ನಾಟಕ ಸಂಘಗಳು ರಂಗದಲ್ಲಿ ಮಾಡಬಹುದು.

ಅದಕ್ಕೊಂದು ನಿಯಮವಿರಲಿ. ಹಾಡಿದಾಕೆಗೆ ಸಂಭಾವನೆ ಸಲ್ಲಲಿ. ಪ್ರದರ್ಶನದ ದಿನ ಆಕೆ ಮುಂದಿನ ಸಾಲಿನಲ್ಲಿ ಕುಳಿತಿರಲಿ. ತನ್ನ ದೈವವನ್ನು ರಂಗದ ಮೇಲೆ ಕಂಡು ಆಕೆ ನಕ್ಕರೂ ಸರಿ, ಮುನಿದರೂ ಸರಿ, ಆ ತೀರ್ಪು ಯಾವ ವಿಮರ್ಶಕನ ಮಾತಿಗಿಂತಲೂ ಮಿಗಿಲಾದುದು.